ಸುಳ್ಳು ಹೇಳದ ನಿರೀಕ್ಷೆ: ಕಾಯಿಲೆಯವರ ಮನೆಗೆ ಹೋಗುವವರಿಗೆ ಕೆಲವು ಮಾತು

(ಹಾಸಿಗೆ ಹಿಡಿದವರ ಮನೆಗಳಿಗೆ ಭೇಟಿ ಕೊಡುವ ಸ್ವಯಂಸೇವಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಕಾಯಿಲೆಯವರ ಮನೆಗೆ ಕಾಲಿಟ್ಟ ಕೂಡಲೇ ನಮ್ಮ ಬಾಯಿಂದ ಬರುವ ಮಾತು ಯಾವುದು? "ಏನೂ ಆಗಲ್ಲ ಬಿಡಿ, ದೇವರಿದ್ದಾನೆ, ಕ್ರಿಸ್‌ಮಸ್ ಹೊತ್ತಿಗೆ ಎದ್ದು ಓಡಾಡ್ತೀರಿ." ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಮಲಗಿರುವವರ ಕಿವಿಗೆ ಅದು ಹೇಗೆ ಬೀಳುತ್ತದೆ ನೋಡಿ. ಲಿವರ್‌ಗೆ ಕ್ಯಾನ್ಸರ್ ಹರಡಿದವರಿಗೆ ತಮ್ಮ ಮೈ ಏನು ಹೇಳುತ್ತಿದೆ ಎಂಬುದು ಗೊತ್ತು. ಉಂಗುರ ಬೆರಳಲ್ಲಿ ನಿಲ್ಲುತ್ತಿಲ್ಲ. ಮಕ್ಕಳು ಹೊರಗೆ ನಿಂತು ಡಾಕ್ಟರ್ ಜೊತೆ ಪಿಸುಮಾತಾಡಿ, ಒಳಗೆ ಬಂದಾಗ ನಗುತ್ತಾರೆ. ಅಂಥವರ ಎದುರು ನೀವು "ಏನೂ ಆಗಲ್ಲ" ಅಂದರೆ, ಇವರ ಹತ್ತಿರ ಸಾವಿನ ಮಾತೆತ್ತುವ ಹಾಗಿಲ್ಲ ಎಂದು ಅವರಿಗೆ ಅರ್ಥವಾಗಿಬಿಡುತ್ತದೆ. ಆಮೇಲೆ ಅವರೇ ನಿಮ್ಮನ್ನು ಸಮಾಧಾನಪಡಿಸಲು ಶುರುಮಾಡುತ್ತಾರೆ. ಹೇಳಬೇಕಾದ ಮಾತು, ಕೇಳಬೇಕಾದ ಕ್ಷಮೆ, ಬ್ಯಾಂಕ್ ಪುಸ್ತಕ ಎಲ್ಲಿದೆ ಎಂಬ ವಿಷಯ, ಎಲ್ಲವೂ ಒಳಗೇ ಉಳಿದುಹೋಗುತ್ತವೆ.

ಇದು ಬರೀ ಮಾತಿನ ನಯದ ಪ್ರಶ್ನೆಯಲ್ಲ, ವಿಶ್ವಾಸದ ಪ್ರಶ್ನೆ. ನಿಮ್ಮಲ್ಲಿ ಕಥೋಲಿಕ ಧರ್ಮಕೇಂದ್ರಗಳಿಂದ ಬಂದವರಿದ್ದೀರಿ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟೆಂಟ್ ಸಭೆ) ಸಭೆಗಳಿಂದ ಬಂದವರೂ ಇದ್ದೀರಿ. ನಮ್ಮ ನಂಬಿಕೆಯ ಸಾರವೆಂದು ಇಬ್ಬರೂ ಹೇಳುವ ವಿಶ್ವಾಸಪ್ರಮಾಣದಲ್ಲಿ ಕ್ರಿಸ್ತನ ಬಗ್ಗೆ ಏನಿದೆ? ಶಿಲುಬೆಗೇರಿಸಲ್ಪಟ್ಟರು, ಸತ್ತರು, ಸಮಾಧಿಯಾದರು. ಒಂದನ್ನೂ ಬಿಡುವ ಹಾಗಿಲ್ಲ. ನಮ್ಮ ಬಗ್ಗೆ ಏನಿದೆ? ಶರೀರದ ಪುನರುತ್ಥಾನ, ನಿತ್ಯಜೀವ. "ನಾವು ಸಾಯುವುದಿಲ್ಲ" ಎಂಬ ಸಾಲು ಅದರಲ್ಲಿ ಎಲ್ಲೂ ಇಲ್ಲ. ನಮ್ಮ ನಿರೀಕ್ಷೆ ಸಾವಿನ ಆಚೆ ಬದಿಯಲ್ಲಿದೆ. ಅದನ್ನು ಎಳೆದು ತಂದು ಈಚೆ ಬದಿಯಲ್ಲಿ ನಿಲ್ಲಿಸಿ, ಸ್ಕ್ಯಾನ್ ರಿಪೋರ್ಟ್ ಸರಿಯಾಗುತ್ತದೆ ಎಂಬ ಭರವಸೆಯನ್ನಾಗಿ ಮಾಡಿದರೆ, ರಿಪೋರ್ಟ್ ಕೆಟ್ಟು ಬಂದ ದಿನ ಆ ಮನೆಯಲ್ಲಿ ವಿಶ್ವಾಸವೂ ಸಾಯುತ್ತದೆ. "ನನ್ನ ನಂಬಿಕೆ ಸಾಲದೆ ಹೋಯಿತು" ಎಂಬ ತಪ್ಪಿತಸ್ಥ ಭಾವನೆಯನ್ನು ರೋಗಿಯ ಎದೆಯ ಮೇಲೆ ಹೇರಿದವರು ನಾವೇ ಆಗುತ್ತೇವೆ.

ಯೋಹಾನನ ಸುವಾರ್ತೆ 11ನೇ ಅಧ್ಯಾಯ ನಿಮಗೆಲ್ಲ ಗೊತ್ತು. ಲಾಜರ ಸತ್ತು ನಾಲ್ಕು ದಿನ. ಸಮಾಧಿಯ ಕಲ್ಲು ತೆಗೆಯಿರಿ ಅಂದಾಗ ಅವನ ಸಹೋದರಿ ಮಾರ್ಥ, ಈಗ ನಾತ ಬಂದಿರುತ್ತದೆ ಎಂದು ನೇರವಾಗಿ ಹೇಳುತ್ತಾಳೆ. ಅವನನ್ನು ಎಬ್ಬಿಸಲಿದ್ದ ಯೇಸುಸ್ವಾಮಿಯೇ ಅದಕ್ಕೆ ಮುಂಚೆ ಕಣ್ಣೀರಿಟ್ಟರು. ಮುಂದೆ ಏನಾಗಲಿದೆ ಎಂದು ಗೊತ್ತಿದ್ದವರೇ ಅತ್ತರು ಅಂದಮೇಲೆ, ಸಾವಿನ ಮನೆಯಲ್ಲಿ "ಅಳಬೇಡಿ" ಅನ್ನಲು ನಮಗೇನು ಅಧಿಕಾರ? ಇನ್ನೊಂದು ಮಾತು, ವಿಷಯಾಂತರ ಅನ್ನಿಸಿದರೂ ಹೇಳಿಬಿಡುತ್ತೇನೆ. ಸೈಪ್ರಸ್ ದ್ವೀಪದ ಲಾರ್ನಾಕಾ ಪಟ್ಟಣದಲ್ಲಿ ಸಂತ ಲಾಜರನ ಹಳೆಯ ದೇವಾಲಯವಿದೆ. ಎದ್ದು ಬಂದ ಲಾಜರ ಮುಂದೆ ಅಲ್ಲಿ ಬಿಷಪ್ ಆಗಿ ಬಾಳಿ ಸತ್ತ ಎಂಬುದು ಅಲ್ಲಿಯ ಪರಂಪರೆ. ಅವನ ಸಮಾಧಿ ಎಂದು ತೋರಿಸುವ ಜಾಗದ ಮೇಲೆಯೇ ಆ ಕಟ್ಟಡ ನಿಂತಿದೆ. ಪರಂಪರೆಯನ್ನು ನೀವು ನಂಬಿ, ಬಿಡಿ. ಗುಣವಾಗಿ ಮನೆಗೆ ಬಂದವರೂ ಒಂದು ದಿನ ಸಾಯುತ್ತಾರೆ ಎಂಬುದನ್ನಂತೂ ಆ ಎರಡನೇ ಸಮಾಧಿ ಮರೆಯಲು ಬಿಡುವುದಿಲ್ಲ.

ಹಾಗಾದರೆ ಗುಣವಾಗಲಿ ಎಂದು ಪ್ರಾರ್ಥಿಸಬಾರದೇ? ಖಂಡಿತ ಪ್ರಾರ್ಥಿಸಿ. ಪೌಲನೂ ತನ್ನ ಶರೀರದಲ್ಲಿ ನಾಟಿದ್ದ ಮುಳ್ಳನ್ನು ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಪ್ರಾರ್ಥನೆಯಲ್ಲಿ ಎರಡನ್ನೂ ಇಡಿ: ಸ್ವಾಮಿ, ಇವರನ್ನು ಗುಣಪಡಿಸು, ಏನೇ ಆದರೂ ಇವರ ಕೈ ಬಿಡಬೇಡ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ಮಾಡಿದ ಪ್ರಾರ್ಥನೆಯೂ ಹೀಗೆಯೇ ಇತ್ತು. ಸಾಕ್ರೆಟಿಸ್ ವಿಷದ ಬಟ್ಟಲನ್ನು ಶಾಂತವಾಗಿ ಕುಡಿದ ಎಂದು ಓದಿದ್ದೇವೆ. ಯೇಸುಸ್ವಾಮಿ ಹಾಗಿರಲಿಲ್ಲ. ತೊಳಲಾಡಿದರು, ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ ಎಂದರು, ಶಿಷ್ಯರನ್ನು ಜೊತೆಯಲ್ಲಿ ಎಚ್ಚರವಾಗಿರಿ ಎಂದು ಕೇಳಿಕೊಂಡರು. ನೀವು ನೋಡುವ ರೋಗಿಗೆ ಭಯವಿದ್ದರೆ ಅದು ಅವಿಶ್ವಾಸವಲ್ಲ. ಅವರು ನಿಮ್ಮಿಂದ ಕೇಳುತ್ತಿರುವುದೂ ಬಹುಮಟ್ಟಿಗೆ ಅದನ್ನೇ, ಒಂದು ಗಳಿಗೆ ಜೊತೆಯಲ್ಲಿ ಎಚ್ಚರವಾಗಿರುವುದನ್ನು.

ನಮ್ಮ ಅಂತ್ಯಕ್ರಿಯೆಗಳಲ್ಲಿ "ಹಳೇ ಬಟ್ಟೆ ಕಳಚಿಟ್ಟು ಹೋದರು" ಎಂದು ಹೇಳುವುದುಂಟು. ಅದು ಭಗವದ್ಗೀತೆಯ ಮಾತು, ದೊಡ್ಡ ಮಾತೇ. ಆದರೆ ನಮ್ಮ ವಿಶ್ವಾಸಪ್ರಮಾಣ ಶರೀರವನ್ನು ಕಳಚಿ ಎಸೆಯುವ ಬಟ್ಟೆ ಅನ್ನುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಪೌಲ ಅದನ್ನು ಬಿತ್ತುವ ಕಾಳು ಅನ್ನುತ್ತಾನೆ: ಬಲಹೀನವಾಗಿ ಬಿತ್ತಲ್ಪಡುವುದು ಬಲವುಳ್ಳದ್ದಾಗಿ ಏಳುತ್ತದೆ. ಎಬ್ಬಿಸಲ್ಪಡಲಿರುವುದು ಇದೇ ಶರೀರ ಎಂದು ನಂಬುವವರು ಅದರ ಬೆನ್ನಿನ ಹುಣ್ಣನ್ನು ತೊಳೆಯುವುದನ್ನು ಪ್ರಾರ್ಥನೆಗಿಂತ ಕೆಳಗಿನ ಕೆಲಸ ಎಂದುಕೊಳ್ಳುವ ಹಾಗಿಲ್ಲ. ಅದಕ್ಕೇ ಈಗ ಸ್ವಲ್ಪ ಹೊತ್ತು ಶರೀರದ ಬಗ್ಗೆಯೇ ಮಾತಾಡುತ್ತೇನೆ.

ತಾನಾಗಿ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಏರ್ ಬೆಡ್ ತಂದಿದ್ದೇವೆ, ಇನ್ನು ಬೇಕಿಲ್ಲ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಏರ್ ಬೆಡ್ ಇದ್ದರೂ ಬದಲಿಸಬೇಕು. ಹುಣ್ಣು ಏಳುವುದು ಎಲುಬು ಚರ್ಮಕ್ಕೆ ತಾಗುವ ಕಡೆ: ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ, ಭುಜದ ಹಿಂಭಾಗ, ತಲೆಯ ಹಿಂಭಾಗ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಒಂದು ಕ್ಷಣ ಬಿಳಿಚಿಕೊಂಡರೆ ಇನ್ನೂ ಕಾಲ ಮಿಂಚಿಲ್ಲ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಒಳಗೆ ಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ, ಪುಸ್ತಕ ಓದಿ ಬಂದವರು ಮೋಸಹೋಗುವುದು ಇಲ್ಲಿಯೇ. ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ, ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿ ಗಟ್ಟಿಯಾಗಿದ್ದರೆ ನರ್ಸ್‌ಗೆ ತಿಳಿಸಿ. ಆ ಜಾಗವನ್ನು ತಿಕ್ಕಬೇಡಿ, ಸ್ಪಿರಿಟ್ ಹಚ್ಚಬೇಡಿ, ಪೌಡರ್ ಸುರಿಯಬೇಡಿ. ನಮ್ಮ ಮನೆಗಳಲ್ಲಿ ಈ ಮೂರನ್ನೂ ಪ್ರೀತಿಯಿಂದಲೇ ಮಾಡುತ್ತಾರೆ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಒಂದು ದಿಂಬಿಡಿ.

ಊಟದ ವಿಷಯ ಇದಕ್ಕಿಂತ ಕಷ್ಟ. "ಹಸಿವಿನಿಂದ ಸಾಯಿಸಿದರು ಅಂತ ಊರು ಆಡಿಕೊಳ್ಳುತ್ತದೆ" ಎಂಬ ಭಯದಿಂದ ಮಗಳು ಬಾಯಿಗೆ ಗಂಜಿ ತುರುಕುತ್ತಾಳೆ. ಕೊನೆಯ ದಿನಗಳಲ್ಲಿ ದೇಹ ಒಂದೊಂದೇ ಕೆಲಸ ನಿಲ್ಲಿಸುತ್ತಿರುತ್ತದೆ, ಹಸಿವೂ ಅದರ ಜೊತೆಗೇ ಹೋಗುತ್ತದೆ. ತಿನ್ನದಿರುವುದರಿಂದ ಅವರು ಸಾಯುತ್ತಿಲ್ಲ, ಸಾಯುತ್ತಿರುವುದರಿಂದ ತಿನ್ನುತ್ತಿಲ್ಲ. ಬಲವಂತ ಮಾಡಿದರೆ ಗಂಜಿ ಹೊಟ್ಟೆಯಲ್ಲಿ ನಿಂತು ವಾಂತಿಯಾಗುತ್ತದೆ ಅಥವಾ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗೆಂದು ಇದನ್ನು ಎಲ್ಲ ರೋಗಿಗಳಿಗೂ ಅನ್ವಯಿಸಬೇಡಿ. ದೇಹ ಅರಗಿಸಿಕೊಳ್ಳುವಷ್ಟು ಕಾಲ ಅನ್ನ ನೀರು ಕೊಡುವುದು ಕರ್ತವ್ಯ ಎಂಬುದು ಕಥೋಲಿಕ ಸಭೆಯ ಸ್ಪಷ್ಟ ಬೋಧನೆ. ಯಾವ ಹಂತದಲ್ಲಿದ್ದಾರೆ ಎಂಬುದನ್ನು ಡಾಕ್ಟರ್ ಹೇಳಬೇಕು, ನೆರೆಹೊರೆಯವರಲ್ಲ.

ಬಾಯಿಗೆ ನೀರು ಬಿಡುವ ಪದ್ಧತಿ ನಮ್ಮ ಮನೆಗಳಲ್ಲೂ ಇದೆ. ಪ್ರಜ್ಞೆ ಇಲ್ಲದವರಿಗೆ ಬಂದವರೆಲ್ಲ ಒಂದೊಂದು ಚಮಚ ಹಾಕುತ್ತಾರೆ, ಹತ್ತು ಜನ ಬಂದರೆ ಹತ್ತು ಚಮಚ. ನುಂಗಲಾರದವರಲ್ಲಿ ಅದು ಉಸಿರಿನ ನಾಳಕ್ಕೆ ಹೋಗುತ್ತದೆ. ಬದಲಿಗೆ ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿಡಿ, ಶುದ್ಧ ಗಾಜ್ ಬಟ್ಟೆಯನ್ನು ಅದ್ದಿ ಹಿಂಡಿ, ತುಟಿ, ವಸಡು, ನಾಲಿಗೆಯನ್ನು ಮೆಲ್ಲಗೆ ಒರೆಸಿ. ಬಂದ ನೆಂಟರ ಕೈಗೂ ಆ ಬಟ್ಟೆಯನ್ನೇ ಕೊಡಿ. ಅವರಿಗೂ ಏನಾದರೂ ಮಾಡಿದ ಸಮಾಧಾನ ಬೇಕಲ್ಲ.

ಇನ್ನು ನೋವು. "ಇದು ನನ್ನ ಶಿಲುಬೆ, ಹೊರುತ್ತೇನೆ" ಎಂದು ಮಾತ್ರೆ ಬೇಡ ಎನ್ನುವ ರೋಗಿಗಳಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ರೋಗಿಯ ಪರವಾಗಿ ಹಾಗೆ ಹೇಳುವ ನೆಂಟರಿದ್ದಾರೆ. ಶಿಲುಬೆಯ ಬಳಿ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಯೇಸು ಬೇಡವೆಂದರು ಎಂದು ಮಾರ್ಕನ ಸುವಾರ್ತೆಯಿಂದ ಉದಾಹರಣೆ ಕೊಡುತ್ತಾರೆ. ಬೇಡವೆಂದದ್ದು ತಮಗೆ. ತಮ್ಮ ಬಳಿಗೆ ಬಂದ ಒಬ್ಬ ರೋಗಿಗಾದರೂ "ಸಹಿಸಿಕೋ, ಹೋಗು" ಎಂದು ಅವರು ಹೇಳಿದ್ದನ್ನು ಯಾವ ಸುವಾರ್ತೆಯಲ್ಲಿ ಓದಿದ್ದೀರಿ? 1957ರ ಫೆಬ್ರವರಿಯಲ್ಲಿ ಹನ್ನೆರಡನೇ ಪಿಯುಸ್ ಪೋಪರು ಅರಿವಳಿಕೆ ತಜ್ಞರಿಗೆ ಕೊಟ್ಟ ಉತ್ತರವೂ ಇದೇ ದಾರಿಯದು: ಬೇರೆ ಉಪಾಯವಿಲ್ಲದಿದ್ದಾಗ ನೋವು ಇಳಿಸಲು ಔಷಧ ಕೊಡಬಹುದು, ಅದರಿಂದ ಪ್ರಜ್ಞೆ ಮಂಕಾದರೂ, ಆಯುಸ್ಸು ಸ್ವಲ್ಪ ಕಡಿಮೆಯಾದರೂ ಸರಿ, ರೋಗಿ ತನ್ನ ಧಾರ್ಮಿಕ ಮತ್ತು ನೈತಿಕ ಕರ್ತವ್ಯಗಳನ್ನು ಮುಗಿಸಲು ಅಡ್ಡಿಯಾಗಬಾರದು, ಅಷ್ಟೇ.

ಮಾರ್ಫಿನ್ ಎಂದರೆ ಮನೆಯವರು ಬೆಚ್ಚುತ್ತಾರೆ. ಸಾಧಾರಣ ಮಾರ್ಫಿನ್ ಮಾತ್ರೆಯ ಕೆಲಸ ಸುಮಾರು ನಾಲ್ಕು ಗಂಟೆ. ಅದಕ್ಕೇ ಡಾಕ್ಟರ್ ನಾಲ್ಕು ಗಂಟೆಗೊಮ್ಮೆ ಎಂದು ಬರೆಯುತ್ತಾರೆ. "ನೋವು ಬಂದರೆ ಕೊಡೋಣ" ಎಂದು ಕಾದರೆ ನೋವು ತಲೆಗೇರಿರುತ್ತದೆ, ಅದನ್ನು ಇಳಿಸಲು ಹೆಚ್ಚು ಔಷಧವೇ ಬೇಕಾಗುತ್ತದೆ. ಮೊದಲ ಕೆಲವು ದಿನ ವಾಕರಿಕೆ, ಮಂಪರು ಇರುತ್ತದೆ, ಬರುಬರುತ್ತಾ ಇಳಿಯುತ್ತದೆ. ಇಳಿಯದೆ ಉಳಿಯುವುದು ಮಲಬದ್ಧತೆ. ಹಾಗಾಗಿ ಮಲ ಸಡಿಲಿಸುವ ಔಷಧ ಮೊದಲ ದಿನದಿಂದಲೇ ಜೊತೆಗಿರಬೇಕು. ನಾಲ್ಕು ದಿನ ಹೊಟ್ಟೆ ಕಟ್ಟಿಕೊಂಡು, ಬೇಸತ್ತು ಮಾರ್ಫಿನ್ನನ್ನೇ ನಿಲ್ಲಿಸುವುದು ಸಾಮಾನ್ಯವಾಗಿ ನಡೆಯುವ ಅನಾಹುತ. ಪ್ರಮಾಣ ಬದಲಿಸುವುದು ನಿಮ್ಮ ಕೆಲಸವಲ್ಲ; ಸಮಯಕ್ಕೆ ಕೊಟ್ಟಿದ್ದಾರೆಯೇ, ಹೊಟ್ಟೆ ಯಾವಾಗ ಹೋಯಿತು, ಈ ಎರಡನ್ನು ವಿಚಾರಿಸುವುದು ನಿಮ್ಮ ಕೆಲಸ. 2014ರಲ್ಲಿ ಮಾದಕ ದ್ರವ್ಯ ಕಾಯ್ದೆಗೆ ತಿದ್ದುಪಡಿ ಬಂದಮೇಲೆ, ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಮಾರ್ಫಿನ್ ಇಟ್ಟುಕೊಳ್ಳಲು ಮುಂಚಿನಷ್ಟು ಪರವಾನಗಿಗಳ ಕಾಟವಿಲ್ಲ.

ಮಾತ್ರೆಗೆ ಬಗ್ಗದ ನೋವೂ ಇರುತ್ತದೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೊಫರ್ಸ್ ಹಾಸ್ಪಿಸ್ (ಸಾವಿನ ಹತ್ತಿರವಿರುವವರ ಆರೈಕೆಯ ಮನೆ) ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿ, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, ಕಡೆಗೆ ಡಾಕ್ಟರ್ ಆಗಿ ದುಡಿದವರು. ದೇಹದ, ಮನಸ್ಸಿನ, ಸಂಸಾರದ, ಆತ್ಮದ ನೋವುಗಳು ಹೆಣೆದುಕೊಂಡು ಒಂದೇ ನೋವಾಗಿ ಕಾಣುತ್ತವೆ ಎಂದು ಅವರು ಕಲಿಸಿದರು. ಮದುವೆಯಾಗದ ಮಗಳ ಚಿಂತೆ ರಾತ್ರಿ ಎರಡು ಗಂಟೆಗೆ ಬೆನ್ನುನೋವಾಗಿ ಬರುತ್ತದೆ. ಹತ್ತು ವರ್ಷದಿಂದ ಮಾತು ಬಿಟ್ಟ ತಮ್ಮ ಬಂದು ಕುಳಿತು ಹೋದ ರಾತ್ರಿ ಅದೇ ಮಾತ್ರೆ ಸಾಕಾಗುತ್ತದೆ. ಹಾಗಾಗಿ "ನೋವಿದೆಯಾ?" ಎಂದು ಕೇಳಿ ಸುಮ್ಮನಾಗಬೇಡಿ. "ರಾತ್ರಿ ಎಚ್ಚರವಾದಾಗ ಏನು ಯೋಚನೆ ಬರುತ್ತೆ?" ಎಂದು ಕೇಳಿ, ಬಾಯಿ ಮುಚ್ಚಿಕೊಂಡು ಕಾಯಿರಿ. ನಮ್ಮ ಕಡೆ ಗಂಡ ಹೆಂಡತಿಗೆ "ಥ್ಯಾಂಕ್ಸ್" ಹೇಳುವ ರೂಢಿಯಿಲ್ಲ, ಅಪ್ಪ ಮಗನಲ್ಲಿ "ತಪ್ಪಾಯ್ತು" ಅನ್ನುವುದಿಲ್ಲ. ಆ ಮಾತಿಗೆ ದಾರಿ ಮಾಡಿಕೊಟ್ಟು ನೀವು ಎದ್ದು ಹೊರಗೆ ಹೋಗಿ. ಟೀ ಕುಡಿಯುವ ನೆಪ ಇದ್ದೇ ಇದೆ.

ರೋಗಿಗಳಿಗೆ ಎಣ್ಣೆ ಲೇಪಿಸುವ ಸಂಸ್ಕಾರದ ಬಗ್ಗೆ ಕಥೋಲಿಕರಿಗೆ ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ಪ್ರಜ್ಞೆ ತಪ್ಪಿದ ಮೇಲೆ, ರಾತ್ರಿ ಹನ್ನೊಂದಕ್ಕೆ, ಫಾದರ್‌ಗೆ ಫೋನ್. ಕಾರಣ? "ಮುಂಚೆ ಕರೆದರೆ ಅಪ್ಪನಿಗೆ ಗಾಬರಿಯಾಗುತ್ತೆ." ಇದು ಸಾಯುವವರಿಗೆ ಮಾತ್ರ ಸೀಮಿತವಾದ ಸಂಸ್ಕಾರವಲ್ಲ ಎಂದು ಬಿಷಪ್ಪರ ಮಹಾಸಭೆಯಾದ ಎರಡನೇ ವ್ಯಾಟಿಕನ್ ಸಭೆ 1963ರಲ್ಲೇ ಹೇಳಿತು, ಆರನೇ ಪೌಲ್ ಪೋಪರು 1972ರಲ್ಲಿ ವಿಧಿಯನ್ನೂ ಪರಿಷ್ಕರಿಸಿದರು. ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿ ರೋಗಿ ತಾನೇ ಸಭೆಯ ಹಿರಿಯರನ್ನು ಕರೆಸಬೇಕು ಎಂದಿದೆ. ಕರೆಸಲು ಅವನಿಗೆ ಪ್ರಜ್ಞೆ ಇರಬೇಕಲ್ಲವೇ? ದೊಡ್ಡ ಆಪರೇಷನ್‌ಗೆ ಮುಂಚೆ ಪಡೆಯಬಹುದು, ವಯಸ್ಸಾಗಿ ತೀರಾ ಬಲಹೀನರಾದವರು ಪಡೆಯಬಹುದು, ಕಾಯಿಲೆ ಉಲ್ಬಣಿಸಿದರೆ ಮತ್ತೊಮ್ಮೆ ಪಡೆಯಬಹುದು. ಹಣೆಗೂ ಎರಡು ಕೈಗಳಿಗೂ ಲೇಪಿಸುವವರು ಗುರುಗಳು ಮಾತ್ರ. ನಿಮ್ಮ ಚೀಲದಲ್ಲಿ ಪುಣ್ಯಕ್ಷೇತ್ರದಿಂದ ತಂದ ಎಣ್ಣೆಯ ಬಾಟಲಿ ಇದ್ದರೆ ಅದನ್ನು ಹಚ್ಚಿ ಗೊಂದಲ ಎಬ್ಬಿಸಬೇಡಿ. ಸಾಯುವವರಿಗೆಂದೇ ಇರುವುದು ಪ್ರಯಾಣದ ಬುತ್ತಿಯಾಗಿ ಕೊಡುವ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ. ನುಂಗಲು ಕಷ್ಟವಾದರೆ ಸಣ್ಣದೊಂದು ಚೂರು ಸಾಕು. ಅದೂ ಆಗದಿದ್ದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲು ಸಭೆಯ ಕಾನೂನಿನಲ್ಲಿ ಅವಕಾಶವಿದೆ. ಗುರುಗಳಿಗೆ ಮುಂಚೆಯೇ ತಿಳಿಸಿ.

ಸಿ.ಎಸ್.ಐ. ಸಭೆಯವರಿಗೂ ಅನ್ವಯಿಸುವ ಒಂದು ಎಚ್ಚರಿಕೆ. ಪ್ರಾರ್ಥನೆಗೆಂದು ಬಿಳಿ ಬಟ್ಟೆ ಹಾಸಿದ ಮೇಜು, ಶಿಲುಬೆ, ಮೇಣದಬತ್ತಿ ಎಲ್ಲ ಸಿದ್ಧವಾಗಿರುತ್ತದೆ. ಪಕ್ಕದಲ್ಲೇ ಆಕ್ಸಿಜನ್ ಹರಿಯುತ್ತಿರುತ್ತದೆ. ಸಿಲಿಂಡರ್ ಆಗಲಿ, ಕಾನ್ಸಂಟ್ರೇಟರ್ ಆಗಲಿ, ಆ ಕೋಣೆಯಲ್ಲಿ ಬೆಂಕಿ ಕೂಡದು. ಮೇಣದಬತ್ತಿ ಹಚ್ಚದೆ ಇಡಿ. ಊದುಬತ್ತಿಯಂತೂ ಬೇಡವೇ ಬೇಡ, ಉಸಿರಾಟ ಕಷ್ಟವಿರುವವರಿಗೆ ಹೊಗೆ ಇನ್ನೊಂದು ಹಿಂಸೆ.

ಭೇಟಿ ಹದಿನೈದು ಇಪ್ಪತ್ತು ನಿಮಿಷ ಮೀರದಿರಲಿ. ನಿಂತು ಮಾತಾಡಬೇಡಿ, ಕುರ್ಚಿ ಎಳೆದು ಅವರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ಒಂದು ಕೀರ್ತನೆ ಸಾಕು, ನಿಧಾನವಾಗಿ. 23ನೆಯದು ಎಲ್ಲರಿಗೂ ಬಾಯಿಪಾಠ, ತುಟಿ ಅಲ್ಲಾಡಿಸಿ ಜೊತೆಗೂಡುತ್ತಾರೆ. ಸಿಟ್ಟು, ಹತಾಶೆ ಇರುವವರ ಮುಂದೆ 88ನೆಯದನ್ನೂ ಓದಬಹುದು. ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲನ್ನೂ ಸೇರಿಸಿಲ್ಲ. ಅಂಥದೂ ಬೈಬಲ್ಲಿನಲ್ಲಿ ಇದೆಯೇ ಎಂದು ಆಶ್ಚರ್ಯಪಡುತ್ತಾರೆ, ಹಗುರಾಗುತ್ತಾರೆ. ಪ್ರಜ್ಞೆ ಇಲ್ಲದಿದ್ದರೂ ಕೇಳಿಸುತ್ತಿದೆ ಎಂದೇ ಭಾವಿಸಿ ಮಾತಾಡಿ. ಹಾಸಿಗೆಯ ಮೇಲಿಂದ ಸೈಟ್ ಪಾಲಿನ ಮಾತು ಹಾಯಿಸಬೇಡಿ.

ಕೊನೆಯ ಗಂಟೆಗಳಲ್ಲಿ ಕೈಕಾಲು ತಣ್ಣಗಾಗುತ್ತವೆ, ಮೊಣಕಾಲಿನ ಬಳಿ ಚರ್ಮ ನೀಲಿ ಮಚ್ಚೆಯಾಗುತ್ತದೆ. ಉಸಿರು ಆಳವಾಗಿ ಬಂದು, ಸಣ್ಣಗಾಗಿ, ಅರ್ಧ ನಿಮಿಷ ನಿಂತೇ ಹೋಗಿ, ಮತ್ತೆ ಶುರುವಾಗುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ; ಕೇಳುವವರಿಗೆ ಸಂಕಟ, ಅವರಿಗೆ ಬಹುಶಃ ಗೊತ್ತೂ ಆಗುತ್ತಿರುವುದಿಲ್ಲ. ಮಗ್ಗುಲಿಗೆ ಹೊರಳಿಸಿದರೆ ಸದ್ದು ಕಡಿಮೆಯಾಗುತ್ತದೆ. ಇದನ್ನು ಮನೆಯವರಿಗೆ ಎರಡು ದಿನ ಮುಂಚೆಯೇ ಹೇಳಿಟ್ಟಿರಬೇಕು. ಹೇಳದಿದ್ದರೆ ಆ ಸದ್ದಿಗೆ ಹೆದರಿ ಆಂಬುಲೆನ್ಸ್ ಕರೆಯುತ್ತಾರೆ, ಮನೆಯಲ್ಲೇ ಸಾಯಬೇಕೆಂದಿದ್ದವರು ಐ.ಸಿ.ಯು.ನಲ್ಲಿ ಯಾರೂ ಪಕ್ಕದಲ್ಲಿಲ್ಲದೆ ಸಾಯುತ್ತಾರೆ. ಜಪಸರ ಹೇಳುವವರು ಹೇಳಿ. ನಮೋ ಮರಿಯಾ ಪ್ರಾರ್ಥನೆಯಲ್ಲಿ ಪ್ರತಿ ಮಣಿಗೂ "ಈಗಲೂ ನಮ್ಮ ಮರಣದ ಸಮಯದಲ್ಲಿಯೂ" ಎಂದು ಬೇಡುತ್ತಾ ಬಂದವರಿಗೆ ಆ ಎರಡೂ ಹೊತ್ತು ಒಂದಾಗುವ ಗಳಿಗೆ ಅದು.

ವೆಂಟಿಲೇಟರ್ ಬೇಡವೆನ್ನುವುದು ಆತ್ಮಹತ್ಯೆಯೇ ಎಂದು ಪದೇ ಪದೇ ಕೇಳುತ್ತಾರೆ. ಅಲ್ಲ. ಅಸಾಧಾರಣ ಚಿಕಿತ್ಸೆಗೆ ಯಾರೂ ಬದ್ಧರಲ್ಲ ಎಂದು ಅದೇ 1957ರ ನವೆಂಬರ್‌ನಲ್ಲಿ ಪಿಯುಸ್ ಪೋಪರು ಹೇಳಿದ್ದಾರೆ. ಸಾಯಲಿ ಎಂದು ಮದ್ದು ಚುಚ್ಚುವುದು ಬೇರೆ, ಸಾವನ್ನು ಎಳೆದಾಡದೆ ಬಿಡುವುದು ಬೇರೆ. ನಮ್ಮ ಕಾನೂನಿನಲ್ಲೂ 2018ರಿಂದ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ, ಅಂದರೆ ಕೊನೆಯ ಹಂತದಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರಕ್ಕೆ, ಜಾಗವಿದೆ. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸರಳ ಮಾಡಿತು: ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ನಿಮ್ಮ ಪರವಾಗಿ ತೀರ್ಮಾನಿಸುವವರ ಹೆಸರು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದರ ಜಾರಿಗೆ ಸುತ್ತೋಲೆಯನ್ನೂ ಹೊರಡಿಸಿದೆ. ಪತ್ರ ಬರೆದು ಬೀರುವಿನಲ್ಲಿ ಬೀಗ ಹಾಕಿಟ್ಟರೆ ಪ್ರಯೋಜನವಿಲ್ಲ. ಪ್ರತಿ ಮಕ್ಕಳ ಕೈಯಲ್ಲೂ ಡಾಕ್ಟರ ಕೈಯಲ್ಲೂ ಇರಬೇಕು.

ದಹನದ ಬಗ್ಗೆ ಚೀಟಿಯಲ್ಲಿ ಒಂದು ಪ್ರಶ್ನೆ ಬಂದಿದೆ: ಸುಟ್ಟರೆ ಪುನರುತ್ಥಾನ ಹೇಗೆ? ಹೂಳಿದವರೂ ಮಣ್ಣಾಗುತ್ತಾರಲ್ಲ. ಮಣ್ಣಿನಿಂದ ಎಬ್ಬಿಸಬಲ್ಲವನಿಗೆ ಬೂದಿಯಿಂದ ಎಬ್ಬಿಸುವುದು ಕಷ್ಟವೇ? ಕಥೋಲಿಕ ಸಭೆ 1963ರಿಂದ ದಹನಕ್ಕೆ ಅನುಮತಿ ಕೊಟ್ಟಿದೆ, ಆದರೆ ಹೂಳುವುದನ್ನೇ ಮೇಲೆಂದು ಭಾವಿಸುತ್ತದೆ. ಅಸ್ಥಿಯನ್ನು ಶ್ರೀರಂಗಪಟ್ಟಣದ ಹೊಳೆಯಲ್ಲಿ ಬಿಡುವ ಹಾಗಿಲ್ಲ. ಸಿಮೆಟ್ರಿಯಲ್ಲೋ ಅದಕ್ಕೆಂದು ಮೀಸಲಾದ ಪವಿತ್ರ ಜಾಗದಲ್ಲೋ ಇಡಬೇಕು ಎಂದು ವ್ಯಾಟಿಕನ್ನಿನ 2016ರ ಸೂಚನೆಯಲ್ಲಿದೆ.

ಸಮಾಧಿಯಾದ ಮೇಲೆ ನಿಮ್ಮ ಕೆಲಸ ಮುಗಿಯಲಿಲ್ಲ. ಥೆಸಲೊನೀಕದವರಿಗೆ ಪೌಲ ದುಃಖಿಸಲೇಬೇಡಿ ಎಂದು ಬರೆಯಲಿಲ್ಲ, ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದ. ಮೊದಲ ವಾರ ಮನೆ ತುಂಬ ಜನ. ಏಳನೇ ದಿನದ ಪೂಜೆ, ತಿಂಗಳ ಪೂಜೆ ಮುಗಿದ ಮೇಲೆ ಯಾರೂ ಇಲ್ಲ. ನೀವು ಹೋಗಬೇಕಾದದ್ದು ಆಗ. ಸತ್ತವರ ಹೆಸರು ಹಿಡಿದು ಮಾತಾಡಿ. ಉಳಿದವರೆಲ್ಲ ಆ ಹೆಸರು ಎತ್ತಲು ಅಂಜುತ್ತಿರುತ್ತಾರೆ. ಒಂದು ವಿಷಯ ಮಾತ್ರ ತಿಂಗಳು ಕಾಯುವಂಥದ್ದಲ್ಲ. ಮನೆಯಲ್ಲೇ ಸತ್ತಿದ್ದರೆ 21 ದಿನದೊಳಗೆ ಮರಣ ನೋಂದಣಿ ಆಗಬೇಕು, ಚಿಕಿತ್ಸೆ ಕೊಟ್ಟ ಡಾಕ್ಟರಿಂದ ಸಾವಿನ ಕಾರಣದ ಪತ್ರ ಬೇಕು. ಅದು ತಪ್ಪಿದರೆ ಉಳಿದವರ ಕುಟುಂಬ ಪಿಂಚಣಿ, ಬ್ಯಾಂಕ್ ಖಾತೆ ಎಲ್ಲವೂ ನಿಂತುಬಿಡುತ್ತವೆ. ಸಮಾಧಿಯಾದ ವಾರ ಹೋದಾಗ ಬೈಬಲ್ ತೆರೆಯುವುದಕ್ಕೆ ಮುಂಚೆ ಆ ಫಾರಂ ತುಂಬಿಸಿಯಾಗಿದೆಯೇ ಎಂದು ಕೇಳಿ.